ಮೈಕ್ ವೆಬ್‌ಸ್ಟರ್ ತಲೆಗೆ ಬಿದ್ದ ಪೆಟ್ಟುಗಳು ಮತ್ತು ಮುಗಿಯದ ಲೆಕ್ಕ

ಅಮೆರಿಕನ್ ಫುಟ್‌ಬಾಲ್‌ನ ತಲೆಪೆಟ್ಟಿನ ವಿಷಯ ಈಗ ತುಂಬಾ ಸಿಕ್ಕಾಗಿದೆ. ಒಂದು ವಾರ ಹೊಸ ಹೆಲ್ಮೆಟ್ಟಿನ ಸುದ್ದಿ, ಇನ್ನೊಂದು ವಾರ ಪರಿಹಾರದ ಕೇಸು, ಅದಾದ ಮೇಲೆ ಮಿದುಳಿನ ಬಗ್ಗೆ ಯಾವುದೋ ಅಧ್ಯಯನ. ಯಾವುದಕ್ಕೆ ಯಾವುದು ಸಂಬಂಧ ಅಂತ ಹಿಡಿಯುವುದೇ ಕಷ್ಟ. ಮೊದಲಿನಿಂದ ನೋಡಬೇಕಾದರೆ ಒಬ್ಬ ಆಟಗಾರನ ಬೆನ್ನು ಹಿಡಿದು ಹೋಗುವುದು ಒಳ್ಳೆಯದು. ಅವರ ಹೆಸರು ಮೈಕ್ ವೆಬ್‌ಸ್ಟರ್. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಸೆಂಟರ್, ಅಂದರೆ ಲೈನ್‌ಮನ್.

ಅಮೆರಿಕದಲ್ಲಿರುವ ನೆಂಟರ ಮನೆಯಲ್ಲಿ ಕೂತು ಸೂಪರ್ ಬೌಲ್, ಅಂದರೆ ವರ್ಷದ ಫೈನಲ್ ಪಂದ್ಯ, ನೋಡಿದವರಿಗೆ ಚೆಂಡು ಎಸೆಯುವವನು ಗೊತ್ತಿರುತ್ತಾನೆ, ಹಿಡಿದು ಓಡುವವನೂ ಗೊತ್ತಿರುತ್ತಾನೆ. ಅವರ ಮುಂದೆ ಐದು ಜನ ದಪ್ಪ ಆಳುಗಳು ಸಾಲಾಗಿ ಬಗ್ಗಿ ಕೂತಿರುತ್ತಾರಲ್ಲ, ಅವರನ್ನು ಯಾರೂ ಜಾಸ್ತಿ ನೋಡುವುದಿಲ್ಲ. ಇವರೇ ಲೈನ್‌ಮನ್‌ಗಳು, ಆ ಸಾಲಿನ ನಡುವೆ ಇರುವವನೇ ಸೆಂಟರ್. ಅವನು ಒಂದು ಕೈ ನೆಲದ ಮೇಲಿನ ಚೆಂಡಿನ ಮೇಲಿಟ್ಟು, ತಲೆ ಮುಂದಕ್ಕೆ ಚಾಚಿ ಬಗ್ಗಿರುತ್ತಾನೆ. ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಟ್ಟ ಕ್ಷಣದಲ್ಲೇ ಎದುರಾಳಿ ಬಂದು ಅವನಿಗೆ ಗುದ್ದುತ್ತಾನೆ. ಹೆಚ್ಚುಕಮ್ಮಿ ಟಗರು ಕಾಳಗ. ಒಂದು ಪಂದ್ಯದಲ್ಲಿ ಇದು ಅರವತ್ತು ಎಪ್ಪತ್ತು ಸಲ ನಡೆಯುತ್ತದೆ, ವಾರವಿಡೀ ಅಭ್ಯಾಸದಲ್ಲಿ ನಡೆಯುವುದು ಬೇರೆ. ಬಹಳಷ್ಟು ಸಲ ಪ್ರಜ್ಞೆ ತಪ್ಪುವುದಿಲ್ಲ, ಆಟ ನಿಲ್ಲುವುದಿಲ್ಲ, ಡಾಕ್ಟರ್ ಮೈದಾನಕ್ಕೆ ಓಡಿ ಬರುವುದಿಲ್ಲ. ಹಾಗಾಗಿ ಇವು ಯಾವ ಲೆಕ್ಕಕ್ಕೂ ಸೇರುತ್ತಿರಲಿಲ್ಲ.

ವೆಬ್‌ಸ್ಟರ್ ಹುಟ್ಟಿದ್ದು 1952ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಟೊಮಾಹಾಕ್‌ನಲ್ಲಿ. ಅಪ್ಪನದು ಆಲೂಗಡ್ಡೆ ಬೆಳೆಯುವ ಹೊಲ. ರೈನ್‌ಲ್ಯಾಂಡರ್‌ನಲ್ಲಿ ಹೈಸ್ಕೂಲ್ ಮುಗಿಸಿ, ಮ್ಯಾಡಿಸನ್‌ನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಆಡಿದರು. ತಂಡ ಅಷ್ಟೇನೂ ಗೆಲ್ಲುತ್ತಿರಲಿಲ್ಲ, ಆದರೆ ಬಿಗ್ ಟೆನ್ ಎಂಬ ಆ ಭಾಗದ ಕಾಲೇಜು ಕೂಟದ ಒಳ್ಳೆಯ ಸೆಂಟರ್‌ಗಳಲ್ಲಿ ಅವರ ಹೆಸರಿತ್ತು. ಕಾಲೇಜಿನ ಮಟ್ಟದಲ್ಲಿ ಆಗ ಬ್ಲಾಕಿಂಗ್, ಅಂದರೆ ಎದುರಾಳಿಯನ್ನು ತಡೆಯುವುದನ್ನು, ಕಲಿಸುತ್ತಿದ್ದುದೇ ತಲೆಯಿಂದ, ಹೆಲ್ಮೆಟ್ಟಿನ ಮುಂಭಾಗವನ್ನು ಎದುರಾಳಿಯ ಎದೆಗೆ ಒತ್ತಿ ತಳ್ಳುವ ಕ್ರಮ. ಮೊದಲ ಪೆಟ್ಟನ್ನೇ ತಲೆಯಿಂದ ಕೊಡುವುದನ್ನು ಕಾಲೇಜು ಮತ್ತು ಹೈಸ್ಕೂಲ್ ನಿಯಮಗಳು ನಿಷೇಧಿಸಿದ್ದು 1976ರಲ್ಲಿ. ಅಷ್ಟರಲ್ಲಿ ವೆಬ್‌ಸ್ಟರ್ ಕಾಲೇಜು ಬಿಟ್ಟು ಎರಡು ವರ್ಷ ದಾಟಿತ್ತು.

1974ರ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಸ್ಟೀಲರ್ಸ್ ಅವರನ್ನು ಐದನೇ ಸುತ್ತಿನಲ್ಲಿ ಆರಿಸಿತು. ಲೈನ್‌ಮನ್ ಆಗಲು ಮೈ ಸಾಲದು ಅಂತ ಬೇರೆಯವರು ಅಂದುಕೊಂಡಿದ್ದರು. ಅದೇ ವರ್ಷ ಅದೇ ತಂಡ ಲಿನ್ ಸ್ವಾನ್, ಜ್ಯಾಕ್ ಲ್ಯಾಂಬರ್ಟ್, ಜಾನ್ ಸ್ಟಾಲ್‌ವರ್ತ್ ಅವರನ್ನೂ ತೆಗೆದುಕೊಂಡಿತು. ನಾಲ್ವರೂ ಮುಂದೆ ಆಟದ ದೊಡ್ಡವರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಮೊದಲೆರಡು ವರ್ಷ ವೆಬ್‌ಸ್ಟರ್ ಹಿರಿಯ ಆಟಗಾರ ರೇ ಮ್ಯಾನ್ಸ್‌ಫೀಲ್ಡ್ ಜೊತೆ ಜಾಗ ಹಂಚಿಕೊಂಡರು. 1976ರಿಂದ ಜಾಗ ಅವರದೇ ಆಯಿತು, 1986ರವರೆಗೆ ಸತತ 150 ಪಂದ್ಯಗಳನ್ನು ಒಂದೂ ತಪ್ಪದೆ ಶುರು ಮಾಡಿದರು. ನಾಲ್ಕು ಸೂಪರ್ ಬೌಲ್ ಗೆಲುವು, ವರ್ಷದ ಆಯ್ದ ಆಟಗಾರರ ಪಂದ್ಯವಾದ ಪ್ರೊ ಬೌಲ್‌ಗೆ ಒಂಬತ್ತು ಸಲ ಆಯ್ಕೆ. ಕೊರೆಯುವ ಚಳಿಯಲ್ಲೂ ತೋಳು ಮಡಚಿದ ಜೆರ್ಸಿ, ಪ್ರತಿ ಆಟಕ್ಕೂ ಓಡಿ ಬಂದು ಚೆಂಡಿನ ಮುಂದೆ ನಿಲ್ಲುವುದು. ಊರಿನವರು ಅವರನ್ನು ಐರನ್ ಮೈಕ್ ಅಂದರು. ಕೊನೆಗೆ 1989ರಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್‌ಗೆ ಕೋಚಿಂಗ್ ಕೆಲಸಕ್ಕೆಂದು ಹೋದವರು ಅಲ್ಲೂ ಎರಡು ವರ್ಷ ಆಡಿಬಿಟ್ಟರು. ಒಟ್ಟು 17 ಸೀಸನ್, 245 ಪಂದ್ಯ. 1991ರ ಮಾರ್ಚ್‌ನಲ್ಲಿ ನಿವೃತ್ತಿ.

ಕಥೆಯ ಗಟ್ಟಿ ಭಾಗ ಶುರುವಾಗುವುದು ಇಲ್ಲಿಂದ. ಸಾಮಾನ್ಯವಾಗಿ ಎಲ್ಲರೂ 2002ರ ಶವಪರೀಕ್ಷೆಯಿಂದ ಶುರು ಮಾಡುತ್ತಾರೆ, ನಡುವಿನ ಹತ್ತು ವರ್ಷ ಬಿಟ್ಟುಹೋಗುತ್ತದೆ.

ನಿವೃತ್ತಿಯಾದ ಮೇಲೆ ವೆಬ್‌ಸ್ಟರ್‌ಗೆ ಯಾವ ಕೆಲಸವೂ ನಿಲ್ಲಲಿಲ್ಲ. ಹಣ ಹೋಯಿತು, ಸಂಸಾರ ಒಡೆಯಿತು. ಕೆಲವು ಕಾಲ ತಮ್ಮ ಗಾಡಿಯಲ್ಲೇ ಮಲಗಿದರು, ಕೆಲವು ರಾತ್ರಿ ರೈಲ್ವೆ ಸ್ಟೇಷನ್‌ನಲ್ಲಿ ಕಳೆದರು. ಮಾತು ಶುರು ಮಾಡಿದರೆ ಎಲ್ಲಿಗೆ ಹೋಗುತ್ತಿದೆ ಅಂತ ಅವರಿಗೇ ತಿಳಿಯುತ್ತಿರಲಿಲ್ಲ. 1997ರಲ್ಲಿ ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ವರ್ಷಗಟ್ಟಲೆ ಅವರ ಕೈಯಿಂದ ಚೆಂಡು ಪಡೆದಿದ್ದ ಟೆರ್ರಿ ಬ್ರ್ಯಾಡ್‌ಶಾ ಪರಿಚಯಿಸಿದರು, ಆಮೇಲೆ ವೆಬ್‌ಸ್ಟರ್ ಮಾಡಿದ ಉದ್ದದ ಭಾಷಣ ದಾರಿ ತಪ್ಪುತ್ತಾ ಹೋಯಿತು. ಕೂತವರು ಚಪ್ಪಾಳೆ ತಟ್ಟಿದರು. ಎರಡು ವರ್ಷದ ನಂತರ, ಗಮನ ನಿಲ್ಲಲು ತೆಗೆದುಕೊಳ್ಳುತ್ತಿದ್ದ ರಿಟಲಿನ್ ಮಾತ್ರೆಗೆ ನಕಲಿ ಚೀಟಿ ಬಳಸಿದ ಕೇಸಿನಲ್ಲಿ ಸಿಕ್ಕಿ ಪ್ರೊಬೇಷನ್‌ಗೆ ಒಳಗಾದರು.

ಆ ಹೊತ್ತಿಗೆ ವೆಸ್ಟ್ ವರ್ಜೀನಿಯಾದ ವಕೀಲ ಬಾಬ್ ಫಿಟ್ಜ್‌ಸಿಮನ್ಸ್ ಅವರ ಪರವಾಗಿ ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಿದ್ದರು. ಪಿಂಚಣಿ ಮಂಡಳಿಯಲ್ಲಿ ಮೂವರು ತಂಡದ ಮಾಲೀಕರ ಕಡೆಯವರು, ಮೂವರು ಆಟಗಾರರ ಸಂಘದ ಕಡೆಯವರು. 1999ರಲ್ಲಿ ಮಂಡಳಿ ಒಪ್ಪಿತು. ವೆಬ್‌ಸ್ಟರ್ ಇನ್ನು ಕೆಲಸ ಮಾಡಲಾರರು, ಫುಟ್‌ಬಾಲ್ ಆಡುವಾಗ ತಲೆಗೆ ಬಿದ್ದ ಪೆಟ್ಟುಗಳೇ ಇದಕ್ಕೆ ಕಾರಣ ಅಂತ ಕಾಗದದಲ್ಲೇ ಬರೆಯಿತು. ಇದನ್ನು ಎರಡು ಸಲ ಓದಬೇಕು, ಯಾಕೆಂದರೆ ಹೊರಗಿನ ಜನಕ್ಕೆ ಈ ಕಾಗದ ಗೊತ್ತಾಗಿದ್ದು 2012ರಲ್ಲಿ, ಪತ್ರಕರ್ತರು ಅದನ್ನು ಹೊರತಂದಾಗ. ನಡುವಿನ ಹದಿಮೂರು ವರ್ಷವೂ ಆಟಕ್ಕೂ ಮಿದುಳಿನ ಹಾನಿಗೂ ಸಂಬಂಧ ಇದೆಯೋ ಇಲ್ಲವೋ ಅಂತ ದೊಡ್ಡ ದೊಡ್ಡ ವೇದಿಕೆಗಳಲ್ಲಿ ಚರ್ಚೆ ನಡೆಯುತ್ತಲೇ ಇತ್ತು.

ಒಪ್ಪಿದ ಮೇಲೂ ಜಗಳ ಉಳಿಯಿತು, ಅದು ತಾರೀಖಿನ ಮೇಲೆ. ಆಡುವ ದಿನಗಳಲ್ಲೇ ಅಂಗವಿಕಲರಾದರೆ ಹೆಚ್ಚು ಹಣ, ನಿಧಾನವಾಗಿ ಆಮೇಲೆ ಆದರೆ ಕಡಿಮೆ. ಮಂಡಳಿ 1996ರಿಂದ ಲೆಕ್ಕ ಹಾಕಿ ಕಡಿಮೆ ದರ ಕೊಟ್ಟಿತು. ವೆಬ್‌ಸ್ಟರ್ ಕಡೆಯವರು 1991ಕ್ಕೇ ಎಲ್ಲ ಮುಗಿದಿತ್ತು ಅಂದರು. ಮಂಡಳಿ ತಾನೇ ನೇಮಿಸಿದ ನರರೋಗ ತಜ್ಞರೂ 1991 ಅಂತಲೇ ಹೇಳಿದ್ದರು. ಕೇಸು ಕೋರ್ಟಿಗೆ ಹೋಯಿತು. 2005ರಲ್ಲಿ ಮೇರಿಲ್ಯಾಂಡ್‌ನ ಫೆಡರಲ್ ಕೋರ್ಟ್ ವೆಬ್‌ಸ್ಟರ್ ಕಡೆಗೆ ತೀರ್ಪು ಕೊಟ್ಟಿತು, 2006ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಡಾಕ್ಟರುಗಳೆಲ್ಲ ಒಂದೇ ಮಾತು ಹೇಳಿರುವಾಗ ಮಂಡಳಿ ಅದನ್ನು ಬದಿಗಿಟ್ಟಿದ್ದು ಸರಿಯಲ್ಲ ಎಂಬುದು ತೀರ್ಪಿನ ತಿರುಳು. ಹಣ ಬಂದದ್ದು ಕುಟುಂಬಕ್ಕೆ. ವೆಬ್‌ಸ್ಟರ್ 2002ರ ಸೆಪ್ಟೆಂಬರ್ 24ರಂದೇ, 50ನೇ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡಿದ್ದರು. ಅಷ್ಟು ಚಿಕ್ಕ ತಾರೀಖಿನ ತಕರಾರಿಗೆ ಅಷ್ಟು ವರ್ಷ ಹಿಡಿಯಬೇಕಿರಲಿಲ್ಲ, ಅಲ್ವಾ?

ಶವಪರೀಕ್ಷೆ ಮಾಡಿದವರು ನೈಜೀರಿಯಾದಿಂದ ಬಂದು ಪಿಟ್ಸ್‌ಬರ್ಗ್‌ನಲ್ಲಿ ಕೆಲಸ ಮಾಡುತ್ತಿದ್ದ ಬೆನೆಟ್ ಒಮಾಲು. ಹೊರಗಿನಿಂದ ಮಿದುಳು ಸರಿಯಾಗಿಯೇ ಕಂಡಿತು. ಅಲ್ಲಿಗೆ ಮುಗಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಸ್ವಂತ ಖರ್ಚಿನಲ್ಲಿ ತೆಳು ಹೋಳುಗಳನ್ನು ಮಾಡಿಸಿ, ಬಣ್ಣ ಹಾಕಿ ನೋಡಿದಾಗ ಟೌ ಎಂಬ ಪ್ರೋಟೀನ್ ಗಂಟುಗಟ್ಟಿರುವುದು ಕಂಡಿತು. ಬಾಕ್ಸರ್‌ಗಳಲ್ಲಿ ಇಂಥ ತೊಂದರೆ ಬರುತ್ತದೆ ಅಂತ 1928ರಲ್ಲೇ ವೈದ್ಯರು ಬರೆದಿದ್ದರು. ಫುಟ್‌ಬಾಲ್ ಆಟಗಾರನಲ್ಲಿ ಕಂಡಿದ್ದನ್ನು ಒಮಾಲು ಮತ್ತು ಸಂಗಡಿಗರು 2005ರಲ್ಲಿ ನ್ಯೂರೋಸರ್ಜರಿ ಪತ್ರಿಕೆಯಲ್ಲಿ ಪ್ರಕಟಿಸಿದರು. ಪದೇ ಪದೇ ತಲೆಗೆ ಬೀಳುವ ಪೆಟ್ಟಿನಿಂದ ಬರುವ ಈ ಮಿದುಳಿನ ಕಾಯಿಲೆಗೇ ಈಗ ಎಲ್ಲರೂ ಸಿಟಿಇ ಅನ್ನುವುದು.

ವೃತ್ತಿಪರ ತಂಡಗಳ ಲೀಗ್ ಆದ ಎನ್‌ಎಫ್‌ಎಲ್ 1994ರಲ್ಲೇ ತಲೆಪೆಟ್ಟಿನ ಬಗ್ಗೆ ಒಂದು ವೈದ್ಯಕೀಯ ಸಮಿತಿ ಮಾಡಿತ್ತು. ಅದರ ಸದಸ್ಯರು ಒಮಾಲು ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಅಂತ ಪತ್ರಿಕೆಗೆ ಬರೆದರು. ಪತ್ರಿಕೆ ಒಪ್ಪಲಿಲ್ಲ. ಸಮಿತಿಯ ವಾದವನ್ನೂ ಹೇಳಬೇಕು. ಒಬ್ಬನ ಮಿದುಳು ನೋಡಿ ಆಟವನ್ನೇ ದೂರುವುದು ಹೇಗೆ ಎಂಬ ಪ್ರಶ್ನೆ ವಿಜ್ಞಾನದಲ್ಲಿ ಸಹಜವೇ. ಆದರೆ ಅದೇ ಸಮಿತಿ ಆ ವರ್ಷಗಳಲ್ಲಿ ಬರೆದ ಲೇಖನಗಳು ಆಡುತ್ತಿದ್ದ ಆಟಗಾರರನ್ನು ನೋಡಿ, ದೀರ್ಘಕಾಲದ ಹಾನಿಯ ಸುಳಿವಿಲ್ಲ ಅಂದಿದ್ದವು. ನಿವೃತ್ತಿಯಾಗಿ ಹತ್ತು ವರ್ಷದ ಮೇಲೆ ಏನಾಗುತ್ತದೆ ಎಂಬುದು ಆ ಲೆಕ್ಕದೊಳಗೆ ಬರುವಂತೆಯೇ ಇರಲಿಲ್ಲ.

ಸಿಟಿಇ ಕಂಡವರ ಪಟ್ಟಿಗೆ ಮುಂದಿನ ಹೆಸರುಗಳು ಬಂದವು. ಎರಡನೆಯವರು ಟೆರ್ರಿ ಲಾಂಗ್, 2005ರಲ್ಲಿ 45ಕ್ಕೆ ತೀರಿಕೊಂಡರು. ಅವರೂ ಸ್ಟೀಲರ್ಸ್ ಲೈನ್‌ಮನ್, 1984ರಿಂದ ಐದು ಸೀಸನ್ ವೆಬ್‌ಸ್ಟರ್ ಇದ್ದ ಸಾಲಿನಲ್ಲೇ ಆಡಿದವರು. ಮೂರನೆಯವರು ಆಂಡ್ರೆ ವಾಟರ್ಸ್, ಬೇರೆ ತಂಡ, ಬೇರೆ ಜಾಗ. ನಾಲ್ಕನೆಯವರು ಜಸ್ಟಿನ್ ಸ್ಟ್ರೆಲ್ಜಿಕ್, ಮತ್ತೆ ಸ್ಟೀಲರ್ಸ್ ಲೈನ್‌ಮನ್, 36ಕ್ಕೆ ಹೆದ್ದಾರಿಯಲ್ಲಿ ಸತ್ತರು. ಮೊದಲ ನಾಲ್ವರಲ್ಲಿ ಮೂವರು ಒಂದೇ ತಂಡದ ಲೈನ್‌ಮನ್‌ಗಳು. ಆ ಊರಿನಲ್ಲೇ ಪರೀಕ್ಷೆ ನಡೆಯುತ್ತಿತ್ತು ಎಂಬುದೂ ಅದಕ್ಕೊಂದು ಕಾರಣ, ಹಾಗಂತ ಸುಮ್ನೆ ತಳ್ಳಿಹಾಕುವ ಸಂಖ್ಯೆಯಲ್ಲ.

ಆಮೇಲಿನದು ಬೇಗ ನಡೆಯಿತು. 2009ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ವಿಚಾರಣೆ, ಸಮಿತಿಯ ಮುಖ್ಯಸ್ಥರ ರಾಜೀನಾಮೆ, ಸಾವಿರಾರು ಮಾಜಿ ಆಟಗಾರರ ಕೇಸು, 2013ರಲ್ಲಿ 76.5 ಕೋಟಿ ಡಾಲರ್‌ನ ರಾಜಿ, ಇಷ್ಟು ಸಾಲದು ಅಂತ ನ್ಯಾಯಾಧೀಶರ ಆಕ್ಷೇಪ, ಮಿತಿ ತೆಗೆದ ಮೇಲೆ 2015ರಲ್ಲಿ ಒಪ್ಪಿಗೆ, 2017ರಿಂದ ಜಾರಿ. ಪಾವತಿ 100 ಕೋಟಿ ಡಾಲರ್ ದಾಟಿದೆ. ಅದರಲ್ಲೂ ತೊಡಕುಗಳಿದ್ದವು. ಮರೆವಿನ ಕಾಯಿಲೆ ಅಳೆಯುವಾಗ ಕಪ್ಪು ಆಟಗಾರರಿಗೆ ಬೇರೆ ಮಾಪನ ಬಳಸುತ್ತಿದ್ದರು. ಇದನ್ನು 2020ರಲ್ಲಿ ಕೋರ್ಟಿನಲ್ಲಿ ಪ್ರಶ್ನಿಸಿದ ಇಬ್ಬರಲ್ಲಿ ಒಬ್ಬರಾದ ಕೆವಿನ್ ಹೆನ್ರಿ ಕೂಡ ಸ್ಟೀಲರ್ಸ್‌ನ ಮಾಜಿ ಡಿಫೆನ್ಸಿವ್ ಲೈನ್‌ಮನ್, ಅಂದರೆ ಎದುರು ಸಾಲಿನಿಂದ ಬಂದು ಗುದ್ದುವವರು. ಆ ಮಾಪನ ಈಗ ಇಲ್ಲ. ಇನ್ನೊಂದು, 2006ಕ್ಕೂ ಮೊದಲು ತೀರಿಕೊಂಡವರ ಕುಟುಂಬಗಳಿಗೆ ಈ ಒಪ್ಪಂದದಲ್ಲಿ ದಾರಿ ಬಹಳ ಕಿರಿದು. ಯಾರ ಮಿದುಳಿನಿಂದ ಇದೆಲ್ಲ ಶುರುವಾಯಿತೋ ಅವರು ಹೋದದ್ದು 2002ರಲ್ಲಿ.

ಹಣದ ಮಾತು ಅಲ್ಲಿಗಿರಲಿ, ಆಟದ ಮಾತಿಗೆ ಬರೋಣ. ಬಹಳಷ್ಟು ನಿಯಮಗಳು ಬದಲಾಗಿವೆ, ಒಳ್ಳೆಯದೇ. ಆದರೆ ಹೆಚ್ಚಿನವು ಟಿವಿಯಲ್ಲಿ ಕಾಣುವ ದೊಡ್ಡ ಪೆಟ್ಟಿಗೆ ಸಂಬಂಧಿಸಿದವು. ಚೆಂಡು ಎಸೆಯುವವನ ರಕ್ಷಣೆ, ಹಿಡಿಯುವವನ ರಕ್ಷಣೆ, ಕಿಕಾಫ್‌ನ ಓಟ ಕಡಿಮೆ ಮಾಡುವುದು. ಲೈನ್‌ಮನ್‌ಗಳಿಗೆ ಸಿಕ್ಕಿದ್ದು ಕಡಿಮೆ. 1977ರಲ್ಲಿ ತಲೆಗೆ ಕೈಯಿಂದ ಹೊಡೆಯುವುದು ನಿಂತಿತು, 1978ರಲ್ಲಿ ಕೈ ಚಾಚಿ ತಡೆಯಲು ಬಿಟ್ಟರು. 2022ರಿಂದ ಸೀಸನ್‌ಗೆ ಮುಂಚಿನ ಅಭ್ಯಾಸದಲ್ಲಿ ಹೆಲ್ಮೆಟ್ಟಿನ ಮೇಲೆ ಮೆತ್ತನೆಯ ಗಾರ್ಡಿಯನ್ ಕ್ಯಾಪ್ ಕಡ್ಡಾಯವಾಯಿತು.

ಅಧ್ಯಯನಗಳು ಬೊಟ್ಟು ಮಾಡುತ್ತಿರುವುದು ಮಾತ್ರ ಚಿಕ್ಕ ಪೆಟ್ಟುಗಳ ಕಡೆಗೇ. 2023ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ತಂಡ ದಾನವಾಗಿ ಬಂದ 631 ಮಿದುಳುಗಳನ್ನು ನೋಡಿ, ಗುರುತಿಸಲಾದ ಕನ್ಕಷನ್‌ಗಳ (ಮಿದುಳು ಅಲುಗಿಸುವ ದೊಡ್ಡ ಪೆಟ್ಟುಗಳ) ಸಂಖ್ಯೆಗಿಂತ, ವರ್ಷಗಟ್ಟಲೆ ಬಿದ್ದ ಎಲ್ಲ ಪೆಟ್ಟುಗಳ ಒಟ್ಟು ಬಲವೇ ಸಿಟಿಇ ಜೊತೆ ಹೆಚ್ಚು ಹೊಂದುತ್ತದೆ ಅಂದಿತು. ದಾನ ಬರುವುದು ಹೆಚ್ಚಾಗಿ ತೊಂದರೆ ಅನುಭವಿಸಿದವರ ಮನೆಯಿಂದ, ಆದ್ದರಿಂದ ಎಲ್ಲ ಆಟಗಾರರಿಗೂ ಹೀಗೇ ಆಗುತ್ತದೆ ಅನ್ನಲು ಬರುವುದಿಲ್ಲ. ಆದರೆ ಪೆಟ್ಟುಗಳ ಲೆಕ್ಕದಲ್ಲಿ ಯಾರು ಮುಂದೆ ಅಂತ ಕೇಳಿದರೆ ಉತ್ತರ ಮತ್ತೆ ಆ ಬಗ್ಗಿ ಕೂತವರ ಸಾಲೇ.

ಬಗ್ಗಿ ಕೂರುವುದನ್ನೇ ಬಿಡಿಸಬಹುದಲ್ಲ ಎಂಬ ಸಲಹೆ ಹಳೆಯದು. ಕೈ ನೆಲಕ್ಕೆ ಊರದೆ ನಿಂತು ಶುರು ಮಾಡಿದರೆ ತಲೆ ಮುಂದಾಗುವುದು ಕಡಿಮೆಯಾಗುತ್ತದೆ. ಮಕ್ಕಳ ಫುಟ್‌ಬಾಲ್ ನಡೆಸುವ ಪಾಪ್ ವಾರ್ನರ್ ಸಂಸ್ಥೆ 2019ರಲ್ಲಿ ತನ್ನ ಚಿಕ್ಕ ವಯಸ್ಸಿನ ವಿಭಾಗಗಳಲ್ಲಿ ಹಾಗೆ ಮಾಡಿತು. ಎನ್‌ಎಫ್‌ಎಲ್‌ನಲ್ಲಿ ಕೈ ಊರಿ ಬಗ್ಗುವುದಕ್ಕೆ ಇನ್ನೂ ತಡೆಯಿಲ್ಲ.