ತಂತಿಯ ಕ್ಲಿಪ್ಪೋ, ಪಾರದರ್ಶಕ ಅಲೈನರೋ? ಹಲ್ಲಿನ ಚಲನೆಯಿಂದ ಆರಂಭಿಸೋಣ

ದಾವಣಗೆರೆಯ ದಂತ ಕಾಲೇಜುಗಳಿಗೆ ಮಕ್ಕಳನ್ನು ಕರೆತರುವ ಪಾಲಕರಲ್ಲಿ ಹಲವರು ಈಗ "ಮೇಡಂ, ಹೊರಗೆ ಕಾಣದಂಥ ಕ್ಲಿಪ್ ಹಾಕೋಕೆ ಆಗುತ್ತಾ?" ಎಂದೇ ಮಾತು ತೆಗೆಯುತ್ತಾರೆ. ವಿದ್ಯಾರ್ಥಿಗಳಾದ ನಾವು ಕೂಡಲೇ ತಂತಿಯ ಕ್ಲಿಪ್, ಹಲ್ಲುಗಳ ಮೇಲೆ ತೊಡಿಸುವ ಪಾರದರ್ಶಕ ಪ್ಲಾಸ್ಟಿಕ್ ಕವಚವಾದ ಅಲೈನರ್ ಈ ಎರಡೂ ಸಾಧನಗಳ ಗುಣದೋಷಗಳ ಪಟ್ಟಿಯನ್ನು ಒಪ್ಪಿಸಲು ಹೊರಡುತ್ತೇವೆ. ಪರೀಕ್ಷೆಯಲ್ಲಿ ಅಂಕ ತರುವ ಆ ಪಟ್ಟಿ ರೋಗಿಯ ಮುಂದೆ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಯಾವ ಹಲ್ಲು ಎತ್ತ, ಎಷ್ಟು, ಯಾವ ಬಗೆಯಲ್ಲಿ ಸರಿಯಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಸಾಧನದ ಮಾತು ಅದರ ನಂತರದ್ದು.

ಸಾಧನ ಯಾವುದಾದರೂ ಮೂಳೆಯೊಳಗೆ ನಡೆಯುವ ಕೆಲಸ ಒಂದೇ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿ.ಮೀ. ದಪ್ಪದ ಪೆರಿಯೊಡಾಂಟಲ್ ಲಿಗಮೆಂಟ್ ಎಂಬ ಎಳೆಗಳ ಪದರ ಇದ್ದು, ಅದರ ಮೇಲೆ ಒತ್ತಡ ಬಿದ್ದ ಕಡೆ ಆಸ್ಟಿಯೋಕ್ಲಾಸ್ಟ್ ಕೋಶಗಳು ಮೂಳೆಯನ್ನು ಕರಗಿಸುತ್ತವೆ, ಸೆಳೆತವಿರುವ ಕಡೆ ಆಸ್ಟಿಯೋಬ್ಲಾಸ್ಟ್‌ಗಳು ಹೊಸ ಮೂಳೆಯನ್ನು ಕಟ್ಟುತ್ತವೆ. ಹಲ್ಲು ತಿಂಗಳಿಗೆ ಸರಿಸುಮಾರು 1 ಮಿ.ಮೀ. ಸರಿಯುವುದು ಈ ಜೈವಿಕ ಕ್ರಿಯೆಯ ವೇಗದಿಂದ. ಆದ್ದರಿಂದ "ಅಲೈನರ್ ಆದರೆ ಬೇಗ ಮುಗಿಯುತ್ತದೆ" ಎಂಬ ಭರವಸೆಯನ್ನು ಎಲ್ಲ ರೋಗಿಗಳಿಗೂ ಒಂದೇ ಸಮನೆ ಕೊಡುವುದು ಸರಿಯಲ್ಲ.

ವ್ಯತ್ಯಾಸವಿರುವುದು ಬಲವನ್ನು ಹಾಕುವ ಬಗೆಯಲ್ಲಿ. ಹಲ್ಲಿನ ಪ್ರತಿರೋಧ ಕೇಂದ್ರವು, ಅಂದರೆ ಬಲ ಬಿದ್ದರೆ ಹಲ್ಲು ವಾಲದೆ ಇಡಿಯಾಗಿ ಸರಿಯುವ ಬಿಂದುವು, ಮೂಳೆಯೊಳಗೆ ಬೇರಿನ ಭಾಗದಲ್ಲಿದೆ, ನಮ್ಮ ಕೈಗೆ ಸಿಗುವುದು ಮೇಲಿನ ಕಿರೀಟ ಮಾತ್ರ. ಹೊಲದ ಬದುವಿನಲ್ಲಿ ಹುಗಿದ ಗೂಟದ ತಲೆಯನ್ನು ತಳ್ಳಿದರೆ ಅದು ಜರುಗದೆ ವಾಲುವಂತೆ, ಕಿರೀಟವನ್ನಷ್ಟೇ ತಳ್ಳಿದ ಹಲ್ಲೂ ವಾಲುತ್ತದೆ. ವಾಲಿಕೆಯೇ ಸಾಕಾಗುವ ಕಡೆ ತೊಂದರೆಯಿಲ್ಲ. ಬೇರುಸಹಿತ ಸರಿಯಬೇಕಾದರೆ ಬಲದ ಜೊತೆಗೆ ತಿರುಚುವಿಕೆಯೂ ಬೇಕು. ಎಡ್ವರ್ಡ್ ಆಂಗಲ್ 1928ರಲ್ಲಿ ಮಂಡಿಸಿದ ಎಡ್ಜ್‌ವೈಸ್ ಪದ್ಧತಿಯ ಸತ್ವ ಇರುವುದು ಇಲ್ಲಿಯೇ: ಹಲ್ಲಿಗೆ ಅಂಟಿಸಿದ ಬ್ರಾಕೆಟ್ ಎಂಬ ಪುಟ್ಟ ತುಣುಕಿನ 0.018 ಅಥವಾ 0.022 ಇಂಚಿನ ಸ್ಲಾಟ್‌ನಲ್ಲಿ (ಸೀಳಿನಲ್ಲಿ) ಕುಳಿತ ಆಯತಾಕಾರದ ತಂತಿಯು ಅದರ ಗೋಡೆಗಳನ್ನು ಒತ್ತಿ ಬೇರನ್ನೂ ತಿರುಗಿಸಬಲ್ಲದು.

ತೆಗೆದು ಹಾಕಬಹುದಾದ ಸಾಧನದಿಂದ ಹಂತಹಂತವಾಗಿ ಹಲ್ಲು ಸರಿಸುವ ಯೋಚನೆ ದಂತವೈದ್ಯ ಕೆಸ್ಲಿಂಗ್ ಅವರ 1945ರ ಟೂತ್ ಪೊಸಿಷನರ್ ಎಂಬ ರಬ್ಬರ್ ಸಾಧನದಷ್ಟು ಹಳೆಯದು. 1997ರಲ್ಲಿ ಆರಂಭವಾದ ಅಲೈನ್ ಟೆಕ್ನಾಲಜಿ ಸಂಸ್ಥೆ ಅದನ್ನು ಕಂಪ್ಯೂಟರ್ ವಿನ್ಯಾಸದ ಪಾರದರ್ಶಕ ಅಲೈನರ್‌ಗಳ ಸರಣಿಯಾಗಿಸಿತು. ಸಾಮಾನ್ಯವಾಗಿ ಒಂದು ಅಲೈನರ್ ಹಲ್ಲನ್ನು ಸುಮಾರು 0.25 ಮಿ.ಮೀ. ಸರಿಸುವಂತೆ ರೂಪಿಸಿರುತ್ತಾರೆ. ಅಡ್ಡಕೊಯ್ತದಲ್ಲಿ ದುಂಡಗಿರುವ ಕೋರೆಹಲ್ಲನ್ನಾಗಲಿ ಅದರ ಹಿಂದಿನ ಪ್ರೀಮೋಲಾರನ್ನಾಗಲಿ ತಿರುಗಿಸಬೇಕಾದಾಗ ನಯವಾದ ಪ್ಲಾಸ್ಟಿಕ್ಕಿಗೆ ಹಿಡಿತ ಸಿಗದ ಕಾರಣ, ಅಟ್ಯಾಚ್‌ಮೆಂಟ್ ಎನ್ನುವ ಕಾಂಪೋಸಿಟ್‌ನ (ಹಲ್ಲಿನ ಬಣ್ಣದ ರಾಳದ) ಸಣ್ಣ ಉಬ್ಬುಗಳನ್ನು ಹಲ್ಲಿಗೆ ಅಂಟಿಸುತ್ತಾರೆ. ಹಲ್ಲನ್ನು ಕೆಳಗೆ ಎಳೆಯುವುದೂ ಅಲೈನರಿಗೆ ಕಷ್ಟದ ಕೆಲಸವೇ. ಮೇಲಿನ ಪಕ್ಕದ ಬಾಚಿಹಲ್ಲನ್ನು ಗಮನಿಸಿ: ಅದರ ಅಂಚಿಗೂ ಪ್ಲಾಸ್ಟಿಕ್ಕಿಗೂ ನಡುವೆ ತೆಳುವಾದ ಖಾಲಿ ಗೆರೆ ಕಂಡರೆ ಹಲ್ಲು ಯೋಜನೆಗಿಂತ ಹಿಂದುಳಿದಿದೆ ಎಂದರ್ಥ, ಆಗ ಮುಂದಿನ ಅಲೈನರ್ ಕೊಡಬಾರದು.

ಹೀಗಾಗಿ ಅಲ್ಪ ಮತ್ತು ಮಧ್ಯಮ ಪ್ರಮಾಣದ ಇಕ್ಕಟ್ಟು, ಹಲ್ಲುಗಳ ನಡುವಿನ ಸಂದು, ಹಿಂದೆ ಚಿಕಿತ್ಸೆಯಾಗಿ ಮತ್ತೆ ಜರುಗಿದ ಹಲ್ಲು ಇವಕ್ಕೆ ಅಲೈನರ್ ಒಳ್ಳೆಯ ಆಯ್ಕೆ. ಉಬ್ಬು ಹಲ್ಲಿಗಾಗಿ ನಾಲ್ಕು ಪ್ರೀಮೋಲಾರ್‌ಗಳನ್ನು ಕಿತ್ತು ಆ ಜಾಗವನ್ನು ಮುಚ್ಚಬೇಕಾದ ರೋಗಿಗೆ ನಾನು ಹಿಂದೆಮುಂದೆ ನೋಡದೆ ತಂತಿಯನ್ನೇ ಸೂಚಿಸುತ್ತೇನೆ. ಅಲೈನರಿನಲ್ಲಿ ಅದನ್ನು ಸಾಧಿಸಿದವರಿದ್ದಾರೆ, ಆದರೆ ಅದಕ್ಕೆ ನುರಿತ ಕೈ ಬೇಕು. ದವಡೆಯ ಮೂಳೆಯಲ್ಲೇ ದೋಷವಿದ್ದರೆ ಎರಡೂ ಒಂಟಿಯಾಗಿ ಸಾಲವು.

ನಮ್ಮ ಸೀಮೆಯವರು ವಿಶೇಷವಾಗಿ ಲಕ್ಷ್ಯ ಕೊಡಬೇಕಾದ ಸಂಗತಿ ಫ್ಲೋರೈಡ್. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆಯ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರು ಕುಡಿದು ಬೆಳೆದವರಲ್ಲಿ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಪಟ್ಟೆ, ಕಂದು ಕಲೆಗಳನ್ನು ಕಾಣುತ್ತೇವೆ, ಇದೇ ಫ್ಲೋರೋಸಿಸ್. ಬ್ರಾಕೆಟ್ ಅಂಟಿಸುವ ಮುನ್ನ ಸಾಮಾನ್ಯ ಎನಾಮಲ್ಲಿಗೆ (ಹಲ್ಲಿನ ಗಟ್ಟಿ ಹೊರಪದರಕ್ಕೆ) 37 ಪ್ರತಿಶತ ಫಾಸ್ಫಾರಿಕ್ ಆಮ್ಲ ಹಚ್ಚಿ, ತೊಳೆದು, ಗಾಳಿ ಊದಿದಾಗ ಆ ಜಾಗ ಹೊಳಪು ಕಳೆದುಕೊಂಡು ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಫ್ಲೋರೋಸಿಸ್ ತೀವ್ರವಾಗಿರುವ ಹಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಜಗ್ಗದ ಕಾರಣ ಈ ಬದಲಾವಣೆ ಅರೆಬರೆಯಾಗಿ, ಬ್ರಾಕೆಟ್ ಮತ್ತೆ ಮತ್ತೆ ಕಳಚುವ ಸಂಭವ ಹೆಚ್ಚು. ಮೇಲ್ಪದರವನ್ನು ತುಸು ಉಜ್ಜುವುದು, ಆಮ್ಲದ ಸಮಯ ಹೆಚ್ಚಿಸುವುದು ಇದಕ್ಕಿರುವ ಉಪಾಯಗಳು. ಅಟ್ಯಾಚ್‌ಮೆಂಟ್‌ಗಳನ್ನೂ ಹೀಗೆಯೇ ಅಂಟಿಸಬೇಕಾದ್ದರಿಂದ ಅಲೈನರ್ ಆರಿಸಿದ ಮಾತ್ರಕ್ಕೆ ಈ ತೊಡಕು ತಪ್ಪುವುದಿಲ್ಲ. ಕ್ಲಿಪ್ಪಿನ ಸುತ್ತ ಸ್ವಚ್ಛತೆ ಸಾಲದೆ ಮೂಡುವ ಬಿಳಿ ಕಲೆಯನ್ನೂ ಹಳೆಯ ಫ್ಲೋರೋಸಿಸ್ ಕಲೆಯನ್ನೂ ಮುಂದೆ ಬೇರ್ಪಡಿಸಿ ಹೇಳಲು ಮೊದಲ ದಿನದ ಫೋಟೋ ತೀರಾ ಅಗತ್ಯ.

ಇನ್ನು ರೋಗಿಯ ದಿನಚರಿ. ಅಲೈನರನ್ನು ದಿನಕ್ಕೆ 20ರಿಂದ 22 ಗಂಟೆ ಧರಿಸಬೇಕು. ಊಟಕ್ಕೂ ಚಹಾಕ್ಕೂ ತೆಗೆಯಬೇಕು, ಏಕೆಂದರೆ ಬಿಸಿಗೆ ಪ್ಲಾಸ್ಟಿಕ್ ಸೊಟ್ಟಾಗಬಹುದು, ಕಲೆ ಹಿಡಿಯುತ್ತದೆ. ಗಂಟೆಗೊಮ್ಮೆ ಅರ್ಧ ಕಪ್ ಚಹಾ ಕುಡಿಯುವ, ಸಂಜೆ ಮಂಡಕ್ಕಿ ಮೆಣಸಿನಕಾಯಿಗೆ ನಿಧಾನವಾಗಿ ಕೂರುವ ಅಭ್ಯಾಸವಿದ್ದವರಿಗೆ ಈ ಲೆಕ್ಕ ಕೈತಪ್ಪುತ್ತದೆ. ತಂತಿಯವರಿಗೆ ಗಂಟೆಯ ಲೆಕ್ಕವಿಲ್ಲ, ಆದರೆ ಗಟ್ಟಿ ಪದಾರ್ಥ ಕಚ್ಚಿ ಬ್ರಾಕೆಟ್ ಕಿತ್ತರೆ ಹಳ್ಳಿಯಿಂದ ಬಸ್ ಹಿಡಿದು ಬರಬೇಕು, ನಾಲ್ಕರಿಂದ ಆರು ವಾರಕ್ಕೊಮ್ಮೆ ಭೇಟಿಯೂ ಇದ್ದೇ ಇರುತ್ತದೆ. ಹದಿಮೂರರ ಹುಡುಗ ಅಲೈನರನ್ನು ಕಂಪಾಸ್ ಪೆಟ್ಟಿಗೆಯಲ್ಲಿಟ್ಟು ಮರೆಯುವನೋ ಇಲ್ಲವೋ ಎಂಬುದನ್ನು ತಾಯಿಯನ್ನೇ ಕೇಳಿ ತಿಳಿಯಬೇಕು.

ಚಿಕಿತ್ಸೆ ಮುಗಿದ ಮೇಲೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ಸಾಧನವಾದ ರೀಟೇನರ್ ಎರಡರಲ್ಲೂ ಕಡ್ಡಾಯ. ಹಲ್ಲು ಹೊಸ ಜಾಗಕ್ಕೆ ಬಂದರೂ ವಸಡಿನ ಎಳೆಗಳು ಮರುಹೊಂದಿಕೊಳ್ಳಲು ಒಂದು ವರ್ಷದವರೆಗೂ ಹಿಡಿಯುವುದರಿಂದ, ರೀಟೇನರಿನ ಖರ್ಚನ್ನೂ ಮುಂದಿನ ಭೇಟಿಗಳನ್ನೂ ಚಿಕಿತ್ಸೆಗೆ ಒಪ್ಪಿಗೆ ಪಡೆಯುವ ದಿನವೇ ಪಾಲಕರಿಗೆ ತಿಳಿಸಿ, ಕೇಸ್ ಶೀಟಿನಲ್ಲಿ ಬರೆದಿಡಬೇಕು.