‘ಅಥವಾ ತತ್ಸಮಾನ’: ಎರಡೂ ಒಂದೇ ಅಂತ ಹೇಳೋರು ಯಾರು?

ಮೈಸೂರಿನ ಮಾನಸಗಂಗೋತ್ರಿ ಸುತ್ತಮುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ನೇಮಕಾತಿ ಅಧಿಸೂಚನೆಯ ಒಂದು ಸಾಲು ಬಾಯಿಪಾಠ: ‘ಪದವಿ ಅಥವಾ ತತ್ಸಮಾನ ವಿದ್ಯಾರ್ಹತೆ’. ತಲೆನೋವೆಲ್ಲ ಆ ‘ಅಥವಾ’ದಿಂದಾಚೆಗೆ. ದೂರಶಿಕ್ಷಣದ ಪದವಿ ನಡೆಯುತ್ತಾ? ಬೇರೆ ರಾಜ್ಯದ ಕೋರ್ಸ್ ಆದರೆ? ಅದನ್ನು ತೀರ್ಮಾನಿಸುವವರು ಯಾರು?

ನಮ್ಮ ರಾಜ್ಯಕ್ಕೆ ಈ ಪ್ರಶ್ನೆ ಜೋರಾಗಿ ಎದುರಾದದ್ದು 1956ರ ನವೆಂಬರ್ 1ರ ನಂತರ. ಹಳೆ ಮೈಸೂರಿನ ಜೊತೆ ಮುಂಬೈ, ಹೈದರಾಬಾದ್, ಮದ್ರಾಸ್ ಕಡೆಯ ಕನ್ನಡ ಜಿಲ್ಲೆಗಳೂ ಕೊಡಗೂ ಸೇರಿದವು. ಜಿಲ್ಲೆಗಳ ಜೊತೆ ಅಲ್ಲಿನ ಸರ್ಕಾರಿ ನೌಕರರೂ ಬಂದರು. ಒಂದೊಂದು ಕಡೆ ಒಂದೊಂದು ಹುದ್ದೆಯ ಹೆಸರು, ಒಂದೊಂದು ಸಂಬಳ. ಆದರೆ ಜ್ಯೇಷ್ಠತಾ ಪಟ್ಟಿ ಒಂದೇ ಆಗಬೇಕು. ಯಾರ ಹೆಸರು ಮೇಲೆ, ಯಾರದ್ದು ಕೆಳಗೆ? ಬಡ್ತಿಯೆಲ್ಲ ಅದರ ಮೇಲೇ ನಿಂತಿತ್ತು.

ರಾಜ್ಯಗಳ ಪುನರ್ವಿಂಗಡಣೆಯ ಆ ಕಾಲದಲ್ಲಿ ಹುದ್ದೆಗಳನ್ನು ಸರಿದೂಗಿಸಲು ನಾಲ್ಕು ಅಳತೆಗೋಲು ಇಟ್ಟುಕೊಂಡರು. ಕೆಲಸ ಎಂಥದ್ದು? ಅಧಿಕಾರ, ಹೊಣೆ ಎಷ್ಟು, ಎಷ್ಟು ಪ್ರದೇಶ ನೋಡಿಕೊಳ್ಳಬೇಕು? ಕನಿಷ್ಠ ಓದು ಏನು? ಸಂಬಳ ಎಷ್ಟು? ಸಂಬಳ ಕೊನೆಗೆ ಬಂದದ್ದನ್ನು ಗಮನಿಸಿ. ನಾವಾದರೆ ಮೊದಲು ಕೇಳುವುದೇ ಅದು, ಅಲ್ವಾ? 1986ರಲ್ಲಿ ಬಿಹಾರದ ವಿಶ್ವವಿದ್ಯಾಲಯವೊಂದರ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಪ್ರಿನ್ಸಿಪಾಲರಿಗೂ ರೀಡರ್ ಎಂಬ ಬೋಧಕ ಹುದ್ದೆಯವರಿಗೂ ವೇತನ ಶ್ರೇಣಿ ಒಂದೇ. ಆದರೂ ಎರಡು ಹುದ್ದೆ ಸಮಾನ ಅಲ್ಲ, ಪ್ರಿನ್ಸಿಪಾಲರ ಹೊಣೆ ಜಾಸ್ತಿ ಅಂದಿತು ಕೋರ್ಟು.

ಪದವಿಗಳ ಲೆಕ್ಕ ಇನ್ನೂ ಬಿಗಿ. 2018ರಲ್ಲಿ ಜಮ್ಮು ಕಾಶ್ಮೀರದ ತಂತ್ರಜ್ಞ ಹುದ್ದೆಯ ಪ್ರಕರಣ ತೀರ್ಮಾನವಾಯಿತು. ಕೇಳಿದ್ದು ಮೆಟ್ರಿಕ್ ಜೊತೆ ಐಟಿಐ. ಕೆಲವರ ಹತ್ತಿರ ಇದ್ದದ್ದು ಎಂಜಿನಿಯರಿಂಗ್ ಡಿಪ್ಲೊಮಾ. ಐಟಿಐಗಿಂತ ಅದು ದೊಡ್ಡದೇ ತಾನೆ? ಕೋರ್ಟ್ ಒಪ್ಪಲಿಲ್ಲ. ಯಾವ ಓದು ಯಾವುದಕ್ಕೆ ಸಮ ಅಂತ ಹೇಳಬೇಕಾದದ್ದು ಕೆಲಸ ಕೊಡುವ ಸರ್ಕಾರ, ನಾವಲ್ಲ ಅಂದಿತು. ಕಾನೂನಿನಲ್ಲಿ ಸಮಾನತೆ ಇದೆಯೋ ಇಲ್ಲವೋ ಎಂದು ಹುಡುಕುವುದಕ್ಕಿಂತ, ಹಾಗೆ ಘೋಷಿಸುವ ಹಕ್ಕು ಯಾರದ್ದು ಅನ್ನುವುದೇ ದೊಡ್ಡ ಮಾತು.

ಭೌತಶಾಸ್ತ್ರದಲ್ಲಿ ಯಾರ ಘೋಷಣೆಯೂ ನಡೆಯಲ್ಲ. ವಸ್ತುವನ್ನು ತಳ್ಳಿದಾಗ ಅದು ತೋರುವ ಜಡತ್ವ ಒಂದು, ಅದನ್ನು ಭೂಮಿ ಎಳೆಯುವ ಲೆಕ್ಕ ಇನ್ನೊಂದು. ಎರಡೂ ಒಂದೇ ಪ್ರಮಾಣದಲ್ಲಿರುವುದನ್ನು 1907ರಲ್ಲಿ ಐನ್‌ಸ್ಟೈನ್ ತಮ್ಮ ವಿಚಾರಕ್ಕೆ ತಳಪಾಯ ಮಾಡಿಕೊಂಡರು. ಅವರು ಹೇಳಿದರೆಂದು ಯಾರೂ ಸುಮ್ಮನಾಗಲಿಲ್ಲ. ಮೈಕ್ರೋಸ್ಕೋಪ್ ಎಂಬ ಫ್ರೆಂಚ್ ಉಪಗ್ರಹ ಪ್ಲಾಟಿನಂ, ಟೈಟಾನಿಯಂ ಮಿಶ್ರಲೋಹಗಳನ್ನಿಟ್ಟು ಪರೀಕ್ಷೆ ಮಾಡಿತು. ದಶಮಾಂಶದ ನಂತರ 14 ಸ್ಥಾನದವರೆಗೂ ವ್ಯತ್ಯಾಸ ಸಿಗಲಿಲ್ಲ ಎಂಬ ಕೊನೆಯ ಫಲಿತಾಂಶ 2022ರಲ್ಲಿ ಬಂತು.

ಎಲ್ಲ ವಿಜ್ಞಾನವೂ ಇಷ್ಟು ಸಲೀಸಲ್ಲ. ಮಂಡ್ಯದ ನಾಲೆ ಬಯಲಿನ ಭತ್ತದ ಗದ್ದೆ ನೋಡಿ. ನಿಂತ ನೀರಿನಡಿ ಗಾಳಿಯಾಡದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಮೀಥೇನ್ ಹುಟ್ಟಿಸುತ್ತವೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಒಂದು ಕಿಲೋ ಮೀಥೇನ್ ಎಷ್ಟು ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ? 100 ವರ್ಷದ ಲೆಕ್ಕ ಹಿಡಿದರೆ ಸುಮಾರು 28. 20 ವರ್ಷದ್ದಾದರೆ 80ರ ಆಸುಪಾಸು. ಮೀಥೇನ್ ಗಾಳಿಯಲ್ಲಿ ಹತ್ತು ಹನ್ನೆರಡು ವರ್ಷವಷ್ಟೇ ಉಳಿಯುತ್ತದೆ, ಶಾಖ ಮಾತ್ರ ಜೋರಾಗಿ ಹಿಡಿಯುತ್ತದೆ. ಹವಾಮಾನ ಬದಲಾವಣೆ ತಡೆಯಲು ದೇಶಗಳು ಮಾಡಿಕೊಂಡ 1997ರ ಕ್ಯೋಟೊ ಒಪ್ಪಂದ 100 ವರ್ಷವನ್ನೇ ಆರಿಸಿಕೊಂಡಿತು, ಆಗಿನ ಸಂಖ್ಯೆ 21. ಅನಿಲವನ್ನು ಅಳೆದದ್ದು ವಿಜ್ಞಾನಿಗಳು, ವರ್ಷ ಎಷ್ಟೆಂದು ಒಪ್ಪಿಕೊಂಡದ್ದು ಸರ್ಕಾರಗಳು.

ಮನೆಯೊಳಗಿನ ಲೆಕ್ಕಕ್ಕೆ ಬಂದರೆ, ಅನ್ನಭಾಗ್ಯ ನೆನಪಿರಬೇಕು. 2023ರ ಜುಲೈಯಿಂದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತಲಾ 170 ರೂಪಾಯಿ ಖಾತೆಗೆ ಬೀಳತೊಡಗಿತು. ಕಿಲೋಗೆ 34 ರೂಪಾಯಿ ಅನ್ನುವುದು ಭಾರತೀಯ ಆಹಾರ ನಿಗಮದ ದರ. ಅಂಗಡಿಯಲ್ಲಿ ಸೋನಾ ಮಸೂರಿಗೆ ಆ ದುಡ್ಡು ಸಾಲುತ್ತಿರಲಿಲ್ಲ. ಖಾತೆ ಹೆಚ್ಚಾಗಿ ಮನೆ ಯಜಮಾನಿಯದ್ದು, ಅದರಲ್ಲಿ ಬಿದ್ದ ದುಡ್ಡು ಅಕ್ಕಿಗೇ ಹೋಗಬೇಕು ಅಂತೇನೂ ಇರಲಿಲ್ಲ. ಗ್ಯಾಸಿಗೋ ಮಾತ್ರೆಗೋ ಆದರೂ ಆಯಿತು. ಹಾಗಾಗಿ ದುಡ್ಡೇ ವಾಸಿ ಅಂದವರೂ ಇದ್ದರು, ಅಕ್ಕಿಯೇ ಕೊಡಿ ಅಂದವರೂ ಇದ್ದರು. 2025ರಲ್ಲಿ ಸರ್ಕಾರ ಮತ್ತೆ ಅಕ್ಕಿಯನ್ನೇ ಕೊಡಲು ಶುರುಮಾಡಿತು.