ಆನೆಯ ಕಫ ಯಾರು ತರುತ್ತಾರೆ?

ಎರಡು ವಾರ ಕೆಮ್ಮು ಬಿಡದಿದ್ದರೆ ಡಾಕ್ಟರು ನಮಗೆ ಒಂದು ಪುಟ್ಟ ಡಬ್ಬಿ ಕೊಟ್ಟು, ಬೆಳಗ್ಗೆ ಎದ್ದ ಕೂಡಲೇ ಕಫ ತನ್ನಿ ಅನ್ನುತ್ತಾರೆ. ಅದೇ ಡಬ್ಬಿ ಹಿಡಿದು ಆನೆ ಮುಂದೆ ನಿಂತರೆ ಏನು ಮಾಡೋದು?

ತಮಾಷೆ ಅಲ್ಲ. ಆನೆಗೂ ಟಿಬಿ ಬರುತ್ತದೆ. ನಮ್ಮ ಟಿಬಿಯ ಅದೇ ಬ್ಯಾಕ್ಟೀರಿಯಾ, ಸಾಕಾನೆಗಳಿಗೆ ಬಹುಮಟ್ಟಿಗೆ ನಮ್ಮಿಂದಲೇ ಹೋಗಿದ್ದು. ಅದು ತಿರುಗಿ ನಮಗೂ ಬರಬಹುದು. ಅಮೆರಿಕದ ಇಲಿನಾಯ್‌ ರಾಜ್ಯದ ಒಂದು ಪ್ರಾಣಿ ಫಾರ್ಮಿನಲ್ಲಿ 1994ರಿಂದ 1996ರೊಳಗೆ ಮೂರು ಆನೆ ಟಿಬಿಯಿಂದ ಸತ್ತವು. ಅಲ್ಲಿ ಕೆಲಸಕ್ಕಿದ್ದ 22 ಜನರನ್ನು ಪರೀಕ್ಷಿಸಿದರೆ 11 ಜನರಿಗೆ, ಟಿಬಿ ಸೋಂಕು ತಗುಲಿದೆಯಾ ಅಂತ ನೋಡುವ ಚರ್ಮದ ಪರೀಕ್ಷೆ ಪಾಸಿಟಿವ್. ಅವರಲ್ಲಿ ಒಬ್ಬರಿಗೆ ಕಾಯಿಲೆಯೇ ಶುರುವಾಗಿತ್ತು, ತಳಿಯೂ ಆನೆಯಲ್ಲಿ ಸಿಕ್ಕಿದ್ದೇ.

ಆ ಚರ್ಮದ ಪರೀಕ್ಷೆ ಆನೆಗೆ ಮಾಡಿದರೆ ಫಲಿತಾಂಶ ನಂಬುವ ಹಾಗಿಲ್ಲ. ಹಾಗಾಗಿ ಸೊಂಡಿಲು ತೊಳೆಯುತ್ತಾರೆ. ಸುಮಾರು 60 ಮಿ.ಲೀ. ಸಲೈನನ್ನು ಸಿರಿಂಜಿನಲ್ಲಿ ಸೊಂಡಿಲಿನ ಹೊಳ್ಳೆಗೆ ಬಿಡಬೇಕು. ಮಾವುತ ಹೇಳಿದ ಮೇಲೆ ಆನೆ ಸೊಂಡಿಲು ಮೇಲೆತ್ತಬೇಕು, ನೀರು ಒಳಗಿಳಿಯಬೇಕು. ಆಮೇಲೆ ತುದಿಗೆ ಪ್ಲಾಸ್ಟಿಕ್ ಚೀಲ ಹಿಡಿದು ಊದಿಸಬೇಕು. ಹೀಗೆ ವಾರದೊಳಗೆ ಮೂರು ಸಲ. ಆ ನೀರಿನಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಯಲು ಬಿಟ್ಟು ಎಂಟು ವಾರದವರೆಗೆ ಕಾಯಬೇಕು. ಇಷ್ಟೆಲ್ಲಾ ಮಾಡಿದರೂ, ಅವತ್ತು ಬ್ಯಾಕ್ಟೀರಿಯಾ ಶ್ವಾಸಕೋಶದಿಂದ ಅಷ್ಟುದ್ದದ ಮೂಗಿಗೆ ಬಂದಿರದಿದ್ದರೆ ರಿಪೋರ್ಟ್ ನೆಗೆಟಿವ್. ದಿನವಿಡೀ ಮಣ್ಣು, ಕೆಸರು ಎಳೆದುಕೊಳ್ಳುವ ಸೊಂಡಿಲಲ್ವಾ, ಬೇರೆ ಸೂಕ್ಷ್ಮಜೀವಿಗಳೇ ಜಾಸ್ತಿ ಬೆಳೆದು ಎಲ್ಲ ಹಾಳಾಗುವುದೂ ಉಂಟು.

ಬ್ಯಾಕ್ಟೀರಿಯಾ ಕಾಣದಿದ್ದರೆ ಅದನ್ನು ಕಂಡ ದೇಹವನ್ನು ಕೇಳಬಹುದು. ಟಿಬಿ ಹೊಕ್ಕ ಆನೆಯ ರಕ್ತದಲ್ಲಿ ಅದರ ವಿರುದ್ಧ ಆಂಟಿಬಾಡಿ ಹುಟ್ಟುತ್ತದೆ, ಕೆಲವೊಮ್ಮೆ ಸೊಂಡಿಲಿನಲ್ಲಿ ಬ್ಯಾಕ್ಟೀರಿಯಾ ಸಿಗುವುದಕ್ಕೆ ವರ್ಷಗಳ ಮುಂಚೆಯೇ. ಟಿಬಿ ಬ್ಯಾಕ್ಟೀರಿಯಾದ ಇಸ್ಯಾಟ್-6 ಅನ್ನುವ ಪ್ರೋಟೀನನ್ನು ತಟ್ಟೆಗೆ ಅಂಟಿಸಿ, ಮೇಲೆ ಆನೆಯ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ, ಹಾಕಿದರೆ ಆಂಟಿಬಾಡಿ ಬಂದು ಕಚ್ಚಿಕೊಳ್ಳುತ್ತದೆ. ಅದು ಕಚ್ಚಿಕೊಂಡಿದ್ದು ನಮಗೆ ಗೊತ್ತಾಗಬೇಕಲ್ಲ? ಅದಕ್ಕೆ ಆನೆಯ ಆಂಟಿಬಾಡಿಗೆ ಅಂಟಿ ಬಣ್ಣ ತೋರಿಸುವ ಇನ್ನೊಂದು ವಸ್ತು ಬೇಕು. ಮನುಷ್ಯ, ದನ, ಇಲಿಗಾದರೆ ಅಂಥದ್ದು ಬಾಟಲಿಯಲ್ಲಿ ಸಿದ್ಧವಾಗಿ ಸಿಗುತ್ತದೆ, ಆನೆಗೆ ಅಷ್ಟು ಗಿರಾಕಿ ಎಲ್ಲಿ? ಇಲ್ಲಿ ಕೈಹಿಡಿಯುವುದು ಪ್ರೋಟೀನ್ ಎ ಮತ್ತು ಜಿ. ಒಂದು ಸ್ಟ್ಯಾಫಿಲೋಕಾಕಸ್‌ನದು, ಇನ್ನೊಂದು ಸ್ಟ್ರೆಪ್ಟೋಕಾಕಸ್‌ನದು. ಈ ಬ್ಯಾಕ್ಟೀರಿಯಾಗಳು ನಮ್ಮ ಆಂಟಿಬಾಡಿಯನ್ನು ಬಾಲದ ಕಡೆಯಿಂದ ಹಿಡಿದು ಕೈಲಾಗದ ಹಾಗೆ ಮಾಡಲು ಬಳಸುವ ಅಸ್ತ್ರ ಅದು. ಎಷ್ಟೋ ಬಗೆಯ ಸಸ್ತನಿಗಳ ಆಂಟಿಬಾಡಿಯನ್ನು ಹಾಗೇ ಹಿಡಿಯುತ್ತದೆ. ಕಳ್ಳನ ಕೈಯಿಂದಲೇ ಬೀಗ ತೆಗೆಸಿದ ಹಾಗೆ. ನನಗಂತೂ ಈ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಆದರೆ ರಕ್ತದ ಉತ್ತರವೂ ಪೂರ್ತಿ ನೇರ ಅಲ್ಲ. ದಕ್ಷಿಣ ಭಾರತದ 600 ಸಾಕಾನೆಗಳ ಸೀರಮ್ ಅನ್ನು ರಾಪಿಡ್ ಕಿಟ್‌ನಲ್ಲಿ ಪರೀಕ್ಷಿಸಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಪಾಸಿಟಿವ್ ಬಂದ ಕೆಲವು ಆನೆಗಳ ಸೊಂಡಿಲು ತೊಳೆದು ನೋಡಿದರೆ ಒಂದರಲ್ಲೂ ಟಿಬಿ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಕಾಯಿಲೆ ಶ್ವಾಸಕೋಶದಲ್ಲೇ ಸುಮ್ನೆ ಅಡಗಿ ಕೂತಿರಬಹುದು, ಅಥವಾ ಮಣ್ಣಿನಲ್ಲಿರುವ ಟಿಬಿಯ ನೆಂಟ ಬ್ಯಾಕ್ಟೀರಿಯಾ ಕಂಡು ದೇಹ ಆಂಟಿಬಾಡಿ ಮಾಡಿರಬಹುದು. ಇದು ಬರೀ ಲೆಕ್ಕಾಚಾರದ ವಿಷಯ ಅಲ್ಲ, ಯಾಕೆಂದರೆ ಪಾಸಿಟಿವ್ ಅಂದ ಮೇಲೆ ಆನೆಯನ್ನು ಬೇರೆ ಕಟ್ಟಬೇಕು, ತಿಂಗಳುಗಟ್ಟಲೆ ಮಾತ್ರೆ ಕೊಡಬೇಕು, ಬಾಯಲ್ಲಿ ತಿನ್ನದೆ ಉಗಿದರೆ ಕೆಲವು ಔಷಧಿಯನ್ನು ಗುದದ್ವಾರದಿಂದ ಹಾಕಬೇಕು. ಆ ಕೆಲಸ ಯಾರ ಪಾಲಿಗೆ ಬರುತ್ತದೆ ಹೇಳಿ?

ಅದಕ್ಕೇ ಇನ್ನೊಂದು ದಾರಿಯನ್ನೂ ಹುಡುಕಿದ್ದಾರೆ. ಆನೆಯ ರಕ್ತಕ್ಕೆ ಟಿಬಿ ಪ್ರೋಟೀನ್ ಬೆರೆಸಿ ಇಟ್ಟರೆ, ಮುಂಚೆ ಟಿಬಿ ಕಂಡಿದ್ದ ಬಿಳಿರಕ್ತಕಣಗಳು ಇಂಟರ್‌ಫೆರಾನ್ ಗಾಮಾ ಅನ್ನುವ ಸಂಕೇತದ ಪ್ರೋಟೀನ್ ಬಿಡುತ್ತವೆ. ಅದನ್ನು ಅಳೆಯಲು ಆನೆಯ ಇಂಟರ್‌ಫೆರಾನನ್ನೇ ಗುರುತು ಹಿಡಿಯುವ ಆಂಟಿಬಾಡಿಯನ್ನು ಹೊಸದಾಗಿ ತಯಾರಿಸಬೇಕಾಯಿತು.

ನಾಗರಹೊಳೆಯ ಒಂದು ಕಾಡಾನೆ ಸತ್ತಾಗ ಮರಣೋತ್ತರ ಪರೀಕ್ಷೆಯಲ್ಲಿ ಶ್ವಾಸಕೋಶದ ತುಂಬ ಗಂಟುಗಳು ಕಂಡವು. ಪಿಸಿಆರ್ ಮಾಡಿದರೆ ಟಿಬಿ. ಇದು 2017ರಲ್ಲಿ ವರದಿಯಾಯಿತು. ಕಾಡಾನೆಗೆ ಸೊಂಡಿಲು ಎತ್ತು ಅನ್ನಲು ಮಾವುತ ಇಲ್ಲ. ರೇಡಿಯೋ ಕಾಲರ್ ಹಾಕಲೋ ಗಾಯಕ್ಕೆ ಮದ್ದು ಹಚ್ಚಲೋ ಅರಿವಳಿಕೆ ಕೊಟ್ಟಾಗ, ಕಿವಿಯ ಹಿಂದಿನ ನರದಿಂದ ಒಂದು ಟ್ಯೂಬ್ ರಕ್ತ ತೆಗೆಯಬಹುದು. ಅಷ್ಟರಲ್ಲೇ ಎಲ್ಲ ಓದಿಕೊಳ್ಳಬೇಕು.